ಉಪವಾಸ ಬಲ್ಲ ಕ್ರಿಮಿ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಕರ್ನಾಟಕದ ಕೊನೆಯ ಪೇಟೆ ಅತ್ತಿಬೆಲೆ. 1978ರಲ್ಲಿ ಇದೇ ರಸ್ತೆಯ ಪಕ್ಕ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. ಆಮೇಲೆ ಆನೇಕಲ್ ತಾಲೂಕಿನ ರಾಗಿ ಹೊಲಗಳಲ್ಲಿ ಒಂದೊಂದಾಗಿ ಕಾರ್ಖಾನೆಗಳು ಎದ್ದವು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ ಎಂಬ ಹಳ್ಳಿಯ ಹೆಸರುಗಳು ಕೈಗಾರಿಕಾ ಪ್ರದೇಶದ ಹೆಸರುಗಳಾದವು. ಬೆಳಿಗ್ಗೆ ಶಿಫ್ಟು ಬದಲಾಗುವ ಹೊತ್ತಿಗೆ ಇಲ್ಲಿ ನಿಂತರೆ ಕನ್ನಡ, ತಮಿಳು, ತೆಲುಗು, ದಖನಿಗಳ ಜೊತೆಗೆ ಒಡಿಯಾ, ಭೋಜಪುರಿ, ಅಸ್ಸಾಮಿ ಮಾತುಗಳೂ ಕಿವಿಗೆ ಬೀಳುತ್ತವೆ. ರಾತ್ರಿ ಪಾಳಿ ಮುಗಿಸಿ ಬಂದವರು ಮಲಗುವ ಚಾಪೆಯ ಮೇಲಿಂದ ಹಗಲು ಪಾಳಿಯವರು ಆಗಷ್ಟೇ ಎದ್ದು ಹೋಗಿರುತ್ತಾರೆ. ತಗಡಿನ ಮಾಡು, ಒಂದು ಸಣ್ಣ ಕಿಟಕಿ, ಐದಾರು ಜನ.

ಇಂಥ ಒಂದು ಕೋಣೆಯಲ್ಲಿ ಯಾರಿಗಾದರೂ ಕೆಮ್ಮು ಶುರುವಾದರೆ ಮೊದಲು ಅದನ್ನು ಧೂಳಿನ ಲೆಕ್ಕಕ್ಕೆ ಹಾಕುತ್ತಾರೆ. ಆಮೇಲೆ ಹವೆಯ ಲೆಕ್ಕಕ್ಕೆ. ಮೂರು ವಾರ ಕಳೆದು, ಸಂಜೆಯ ಜ್ವರ ಬಿಡದೆ, ಮೈಯ ತೂಕ ಇಳಿದ ಮೇಲೆ ಯಾರೋ ಕಫ ಪರೀಕ್ಷೆ ಮಾಡಿಸಿಕೊಳ್ಳಲು ಹೇಳುತ್ತಾರೆ. ಅದು ಟಿಬಿ ಎಂದು ತಿಳಿದ ದಿನ ಎರಡು ಮಾತುಗಳು ಒಟ್ಟಿಗೆ ಹುಟ್ಟುತ್ತವೆ. ಈತ ಊರಿನಿಂದ ರೋಗ ತಂದ ಎಂದು ಸುತ್ತಲಿನವರು ಹೇಳುತ್ತಾರೆ. ಇಲ್ಲಿಗೆ ಬಂದ ಮೇಲೆ ಅಂಟಿಕೊಂಡಿತು ಎಂದು ಮನೆಯವರು ಹೇಳುತ್ತಾರೆ.

ಎರಡೂ ನಿಜವಿರಬಹುದು. ಕ್ರಿಮಿ ಈ ಕೋಣೆಯಲ್ಲೇ ಒಬ್ಬರಿಂದ ಇನ್ನೊಬ್ಬರಿಗೆ ದಾಟಿರಬಹುದು. ಅಥವಾ ಆತ ಹತ್ತು ವರ್ಷದ ಹುಡುಗನಾಗಿದ್ದಾಗ ಕೆಮ್ಮುವ ಅಜ್ಜನ ಪಕ್ಕ ಮಲಗಿದ್ದ ಒಂದು ರಾತ್ರಿ ಒಳಗೆ ಹೊಕ್ಕು, ಅಷ್ಟು ವರ್ಷವೂ ಸದ್ದಿಲ್ಲದೆ ಕುಳಿತು, ಈಗ ಎದ್ದಿರಬಹುದು. ಎರಡನೆಯ ಸಾಧ್ಯತೆ ನಮ್ಮನ್ನು ಒಂದು ಪ್ರಶ್ನೆಯ ಮುಂದೆ ನಿಲ್ಲಿಸುತ್ತದೆ. ಕಣ್ಣಿಗೆ ಕಾಣದ ಒಂದು ಜೀವ, ಅದನ್ನು ಕೊಲ್ಲಲೆಂದೇ ಇರುವ ಶರೀರದೊಳಗೆ, ಸರಿಯಾಗಿ ಅನ್ನವಿಲ್ಲದೆ, ಗಾಳಿಯಿಲ್ಲದೆ ಇಷ್ಟು ಕಾಲ ಬದುಕುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕಿದ ಚರಿತ್ರೆಯ ಕೆಲವು ಮುಖ್ಯ ಅಧ್ಯಾಯಗಳು ಬೆಂಗಳೂರಿನಲ್ಲಿ ಮತ್ತು ಅದರ ಸುತ್ತಲ ಹಳ್ಳಿಗಳಲ್ಲಿ ನಡೆದಿವೆ.

ಸಾಯದೆ ಉಳಿಯುವ ವಿದ್ಯೆ

ಕ್ಷಯ ಹಳೆಯ ರೋಗ. ಸಂಸ್ಕೃತದ ವೈದ್ಯರು ಅದನ್ನು ರಾಜಯಕ್ಷ್ಮ ಎಂದರು. ಉರ್ದು ಮನೆಗಳಲ್ಲಿ ಅದು ತಪೇದಿಕ್. ಹನ್ನೊಂದನೆಯ ಶತಮಾನದಲ್ಲಿ ಇಬ್ನ್ ಸೀನಾ ತನ್ನ ವೈದ್ಯಗ್ರಂಥ ‘ಅಲ್ ಕಾನೂನ್’ನಲ್ಲಿ ಇದನ್ನು ಒಬ್ಬರಿಂದೊಬ್ಬರಿಗೆ ಅಂಟುವ ರೋಗಗಳ ಸಾಲಿಗೆ ಸೇರಿಸಿದ್ದ. ಆದರೆ ಅಂಟುವ ವಸ್ತು ಯಾವುದೆಂದು ತೋರಿಸಿದ್ದು ಜರ್ಮನಿಯ ರಾಬರ್ಟ್ ಕಾಖ್. 1882ರ ಮಾರ್ಚ್ 24ರಂದು ಬರ್ಲಿನ್ನಿನ ಸಭೆಯೊಂದರಲ್ಲಿ ಆತ ಈ ಕಡ್ಡಿಯಾಕಾರದ ಬ್ಯಾಕ್ಟೀರಿಯಾವನ್ನು ಜಗತ್ತಿನ ಮುಂದಿಟ್ಟ.

ಈ ಕ್ರಿಮಿಯ ಮೊದಲ ಗುಣ ಅದರ ನಿಧಾನ. ನಮ್ಮ ಕರುಳಿನಲ್ಲಿರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಒಳ್ಳೆಯ ಆಹಾರ ಸಿಕ್ಕರೆ 20 ನಿಮಿಷಕ್ಕೊಮ್ಮೆ ಒಂದಿದ್ದದ್ದು ಎರಡಾಗುತ್ತದೆ. ಕ್ಷಯದ ಕ್ರಿಮಿಗೆ ಅದೇ ಕೆಲಸಕ್ಕೆ ಸುಮಾರು ಒಂದು ದಿನ ಬೇಕು. ಎರಡನೆಯದು ಅದರ ಅಂಗಿ. ಮೇಣದಂಥ ಕೊಬ್ಬಿನ ದಪ್ಪ ಹೊದಿಕೆಯಿಂದಾಗಿ ಹೊರಗಿನ ವಿಷಗಳು ಸುಲಭವಾಗಿ ಒಳನುಗ್ಗಲಾರವು.

ಕಷ್ಟಕಾಲದಲ್ಲಿ ಬದುಕುವ ದಾರಿ ಎಲ್ಲ ಬ್ಯಾಕ್ಟೀರಿಯಾಗಳಿಗೂ ಒಂದೇ ಅಲ್ಲ. ಕುರಿ ದನಗಳಿಗೆ ನೆರಡಿ ರೋಗ ತರುವ ಬ್ಯಾಕ್ಟೀರಿಯಾ, ಆಹಾರ ಮುಗಿದಾಗ ತನ್ನ ವಂಶವಾಹಿಯನ್ನು ಗಟ್ಟಿ ಚಿಪ್ಪಿನ ಬೀಜಕದೊಳಗೆ ಮುಚ್ಚಿಟ್ಟುಕೊಂಡು ಮಣ್ಣಿನಲ್ಲಿ ದಶಕಗಳ ಕಾಲ ಕಾಯುತ್ತದೆ. ಕ್ಷಯದ ಕ್ರಿಮಿಗೆ ಅಂಥ ಚಿಪ್ಪು ಕಟ್ಟಲು ಬಾರದು. ಅದು ಇದ್ದ ರೂಪದಲ್ಲೇ ಇದ್ದು, ಒಳಗಿನ ಕೆಲಸವನ್ನು ಮಾತ್ರ ತಗ್ಗಿಸಿಕೊಳ್ಳಬೇಕು.

ಅದು ಶ್ವಾಸಕೋಶಕ್ಕೆ ಹೊಕ್ಕಾಗ ನಮ್ಮ ರಕ್ಷಣೆಯ ಕಣಗಳು ಅದನ್ನು ನುಂಗುತ್ತವೆ. ನುಂಗಿ ಕೊಲ್ಲಲಾಗದಿದ್ದರೆ ಸುತ್ತುವರಿದು ಒಂದು ಸಣ್ಣ ಗಂಟು ಕಟ್ಟುತ್ತವೆ. ಆ ಗಂಟಿನೊಳಗೆ ಆಮ್ಲಜನಕ ಕಡಿಮೆ, ಹುಳಿ ಹೆಚ್ಚು, ಕಬ್ಬಿಣದ ಅಂಶ ಕೈಗೆಟುಕದು. ಶತ್ರುವನ್ನು ಕೋಟೆಯೊಳಗೆ ಕೂಡಿಹಾಕಿ ಅನ್ನ ನೀರು ನಿಲ್ಲಿಸಿದ ಹಾಗೆ. ಹೀಗೆ ಕೂಡಿಹಾಕಿದರೆ ಒಳಗಿದ್ದದ್ದು ಸಾಯಬೇಕಲ್ಲವೇ?

ಸಾಯುವುದಿಲ್ಲ ಎಂಬುದು ಮೆಲ್ಲಮೆಲ್ಲನೆ ಗೊತ್ತಾಯಿತು. 1927ರಲ್ಲಿ ಅಮೆರಿಕದ ಓಪಿ ಮತ್ತು ಅರಾನ್ಸನ್ ಬೇರೆ ಕಾರಣಗಳಿಂದ ಸತ್ತವರ ಶ್ವಾಸಕೋಶದಲ್ಲಿ ಜೀವಂತ ಕ್ಷಯ ಕ್ರಿಮಿಗಳನ್ನು ಕಂಡರು. ಬದುಕಿದ್ದಾಗ ಅವರಲ್ಲಿ ಆ ರೋಗದ ಲಕ್ಷಣಗಳೇ ಇರಲಿಲ್ಲ. 1933ರಲ್ಲಿ ಲೋಬೆಲ್ ಮತ್ತು ಸಂಗಡಿಗರು ಈ ಕ್ರಿಮಿಗಳನ್ನು ಆಹಾರವಿಲ್ಲದ ದ್ರವದಲ್ಲಿಟ್ಟು ನೋಡಿದರು. ಉಸಿರಾಟ ಬಹಳ ಇಳಿಯಿತು, ಜೀವ ಹೋಗಲಿಲ್ಲ. 1956ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಮೆಕ್ಯೂನ್ ಮತ್ತು ಮೆಕ್‌ಡರ್ಮಟ್, ರೋಗ ತಗುಲಿಸಿದ ಇಲಿಗಳಿಗೆ ಔಷಧಿ ಕೊಟ್ಟು, ಯಾವ ಪರೀಕ್ಷೆಯಲ್ಲೂ ಕ್ರಿಮಿ ಸಿಗದ ಹಂತಕ್ಕೆ ತಂದರು. ಔಷಧಿ ನಿಲ್ಲಿಸಿ ಕಾದಾಗ ಕೆಲವು ಇಲಿಗಳಲ್ಲಿ ರೋಗ ಮತ್ತೆ ಎದ್ದಿತು. ‘ಇಲ್ಲ’ ಎಂದುಕೊಂಡದ್ದು ‘ಮಲಗಿತ್ತು’ ಅಷ್ಟೆ.

ಮನುಷ್ಯರಲ್ಲಿ ಈ ನಿದ್ದೆ ಎಷ್ಟು ಉದ್ದವಿರಬಲ್ಲದು ಎಂಬುದಕ್ಕೆ ಡೆನ್ಮಾರ್ಕ್ ಒಂದು ಸಾಕ್ಷಿ ಕೊಟ್ಟಿತು. 1960ರ ದಶಕದ ಆರಂಭದಲ್ಲಿ ಒಬ್ಬ ತಂದೆಗೆ ಬಂದ ಕ್ಷಯದ ಕ್ರಿಮಿಯನ್ನು ಅಲ್ಲಿನ ಪ್ರಯೋಗಾಲಯ ಒಣಗಿಸಿ ಕಾಪಿಟ್ಟಿತ್ತು. 1990ರ ದಶಕದಲ್ಲಿ ಆತನ ಮಗನಿಗೆ ಕ್ಷಯ ಬಂದಾಗ ಎರಡರ ಡಿಎನ್‌ಎ ಗುರುತು ಹೋಲಿಸಿದರು. ಅವೆರಡೂ ಒಂದೇ ಕ್ರಿಮಿ. ಮಗನ ಎದೆಯಲ್ಲಿ ಅದು 33 ವರ್ಷ ಮಲಗಿತ್ತು. 2002ರಲ್ಲಿ ಪ್ರಕಟವಾದ ಈ ವರದಿಯನ್ನು ಓದಿದರೆ ಅತ್ತಿಬೆಲೆಯ ಆ ಹುಡುಗನ ಅಜ್ಜನ ನೆನಪಾಗದೆ ಇರದು.

ಬೆಂಗಳೂರಿನ ಪ್ರಯೋಗಾಲಯ

ಹಸಿವಾದದ್ದು ಬ್ಯಾಕ್ಟೀರಿಯಾಗೆ ತಿಳಿಯುವುದು ಹೇಗೆ? 1969ರಲ್ಲಿ ಅಮೆರಿಕದ ಕ್ಯಾಶೆಲ್ ಮತ್ತು ಗ್ಯಾಲೆಂಟ್, ಉಪವಾಸ ಬಿದ್ದ ಇ. ಕೋಲೈಗಳಲ್ಲಿ ಒಂದು ಹೊಸ ರಾಸಾಯನಿಕವನ್ನು ಕಂಡರು. ಪರೀಕ್ಷೆಯ ಹಾಳೆಯ ಮೇಲೆ ಇದ್ದಕ್ಕಿದ್ದಂತೆ ಮೂಡಿದ ಆ ಗುರುತಿಗೆ ‘ಮಾಯಾ ಚುಕ್ಕೆ’ ಎಂದೇ ಹೆಸರಾಯಿತು. ಅದರ ರಾಸಾಯನಿಕ ಹೆಸರಿನ ಚುಟುಕು ರೂಪ ಪಿಪಿಜಿಪಿಪಿ. ಕೋಶದಲ್ಲಿ ಪ್ರೊಟೀನು ಹೆಣೆಯುವ ಯಂತ್ರಕ್ಕೆ ಕಚ್ಚಾ ಸಾಮಗ್ರಿ ಬರುವುದು ನಿಂತ ಕೂಡಲೇ ಈ ಅಣು ತಯಾರಾಗುತ್ತದೆ. ಅದು ಕೋಶದ ತುಂಬ ಹರಡಿ ಹೊಸ ಯಂತ್ರಗಳನ್ನು ಕಟ್ಟುವುದನ್ನು ನಿಲ್ಲಿಸುತ್ತದೆ, ಬೆಳೆಯುವುದನ್ನು ತಡೆಯುತ್ತದೆ, ಇದ್ದದ್ದನ್ನು ರಿಪೇರಿ ಮಾಡಿಕೊಳ್ಳುವ ಕೆಲಸಕ್ಕೆ ಆದ್ಯತೆ ಕೊಡುತ್ತದೆ. ಆರ್ಡರ್ ನಿಂತಾಗ ಕಾರ್ಖಾನೆ ಹೊಸ ಯಂತ್ರದ ಖರೀದಿ ಕೈಬಿಟ್ಟು ಕಾವಲುಗಾರರನ್ನು ಮಾತ್ರ ಉಳಿಸಿಕೊಳ್ಳುವ ಹಾಗೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀಪಂಕರ್ ಚಟರ್ಜಿಯವರ ತಂಡ ಈ ಮಾಯಾ ಚುಕ್ಕೆಯ ಕೆಲಸವನ್ನು ಬಹಳ ವರ್ಷ ಅಭ್ಯಾಸ ಮಾಡಿತು. ಕ್ಷಯ ಕ್ರಿಮಿಯ ನಿರುಪದ್ರವಿ ದಾಯಾದಿಯಾದ ಸ್ಮೆಗ್ಮ್ಯಾಟಿಸ್ ಎಂಬ ಬ್ಯಾಕ್ಟೀರಿಯಾ ಅವರ ಮುಖ್ಯ ಪ್ರಯೋಗಜೀವಿ. ಅದನ್ನು ಉಪವಾಸ ಕೆಡವಿದಾಗ ಹೆಚ್ಚಾಗುವ ಡಿಪಿಎಸ್ ಎಂಬ ಪ್ರೊಟೀನು ಅವರ ಗಮನ ಸೆಳೆಯಿತು. ಹನ್ನೆರಡು ತುಣುಕುಗಳು ಸೇರಿ ಆಗುವ ಈ ಟೊಳ್ಳು ಚೆಂಡು ಎರಡು ಕೆಲಸ ಮಾಡುತ್ತದೆ. ಡಿಎನ್‌ಎ ಎಳೆಯನ್ನು ಅಪ್ಪಿಕೊಂಡು ಹಾನಿಯಾಗದಂತೆ ಕಾಯುತ್ತದೆ. ಕೋಶಕ್ಕೆ ವಿಷವಾಗಬಲ್ಲ ಬಿಡಿ ಕಬ್ಬಿಣವನ್ನು ತನ್ನ ಹೊಟ್ಟೆಯೊಳಗೆ ಕೂಡಿಡುತ್ತದೆ. ಅದೇ ಸಂಸ್ಥೆಯ ಎಂ. ವಿಜಯನ್ ಅವರ ತಂಡದೊಂದಿಗೆ ಸೇರಿ ಈ ಚೆಂಡಿನ ರಚನೆಯನ್ನೂ ಬಿಡಿಸಿ ತೋರಿಸಿದರು.

ಹಸಿವಿನ ಜೊತೆಗೆ ಉಸಿರುಕಟ್ಟುವ ಸಂಕಟವೂ ಇದೆಯಲ್ಲ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಜಯಾ ತ್ಯಾಗಿಯವರ ತಂಡ 2000ದ ಸುಮಾರಿಗೆ ವಿವರಿಸಿದ ಒಂದು ಜೋಡಿ ವಂಶವಾಹಿಗಳು, ಆಮ್ಲಜನಕ ಕಡಿಮೆಯಾದುದನ್ನು ಅರಿತು ಸುಮಾರು 50 ವಂಶವಾಹಿಗಳನ್ನು ಒಟ್ಟಿಗೆ ಎಚ್ಚರಿಸುವ ಗುಂಡಿಯೆಂದು ಮುಂದೆ ತಿಳಿದುಬಂತು. ಆಹಾರದಲ್ಲೂ ಕ್ರಿಮಿ ಹೊಂದಿಕೊಳ್ಳುತ್ತದೆ. ಸಕ್ಕರೆ ಸಿಗದ ಕಡೆ ಅದು ನಮ್ಮದೇ ಕೋಶಗಳ ಕೊಬ್ಬನ್ನೂ ಕೊಲೆಸ್ಟರಾಲನ್ನೂ ತಿಂದು ಕಾಲ ತಳ್ಳುತ್ತದೆ.

ಇದೆಲ್ಲ ಬರಿಯ ಪ್ರಯೋಗಾಲಯದ ಕುತೂಹಲವಲ್ಲ. ಟಿಬಿಗೆ ಆರು ತಿಂಗಳು ಮಾತ್ರೆ ಏಕೆ ಎಂದು ಕೇಳುವ ಪ್ರತಿಯೊಬ್ಬ ರೋಗಿಗೂ ಉತ್ತರ ಇಲ್ಲಿದೆ. ಐಸೋನಿಯಾಜಿಡ್ ಕ್ರಿಮಿಯ ಗೋಡೆ ಕಟ್ಟುವ ಕೆಲಸವನ್ನು ಕೆಡಿಸುತ್ತದೆ. ಗೋಡೆ ಕಟ್ಟದೆ ಮಲಗಿರುವ ಕ್ರಿಮಿಗೆ ಅದರಿಂದ ಏನೂ ಆಗದು. ಆಗಾಗ ಮಗ್ಗುಲು ಬದಲಿಸುವ ಕ್ರಿಮಿಗಳನ್ನು ಹೊಡೆಯಲು ರಿಫಾಂಪಿಸಿನ್ ಬೇಕು. ಹುಳಿಯ ಮೂಲೆಗಳಲ್ಲಿ ಅಡಗಿದವಕ್ಕೆ ಪೈರಾಜಿನಮೈಡ್ ಬೇಕು. ಚುರುಕಾಗಿರುವ ಕ್ರಿಮಿಗಳು ಮೊದಲ ವಾರಗಳಲ್ಲೇ ಹೆಚ್ಚಿನಂಶ ಸಾಯುತ್ತವೆ. ಕೆಮ್ಮು ನಿಲ್ಲುತ್ತದೆ, ಹಸಿವು ಮರಳುತ್ತದೆ. ದಿನಗೂಲಿ ಕಳೆದುಕೊಂಡು ಔಷಧಿಗೆ ಓಡಾಡುತ್ತಿದ್ದಾತನಿಗೆ ಗುಣವಾಯಿತು ಅನ್ನಿಸುವುದು ಸಹಜ. ಉಳಿದ ತಿಂಗಳುಗಳ ಮಾತ್ರೆ ಇರುವುದು ಮಲಗಿದವಕ್ಕೆ. ಆ ಮಾತನ್ನು ಆತನಿಗೆ ಆತನ ಭಾಷೆಯಲ್ಲಿ ಹೇಳುವವರು ಇದ್ದಾರೆಯೇ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಬೆಂಗಳೂರಿನ ಹಳ್ಳಿಗಳು

ಇನ್ನೊಂದು ಚರಿತ್ರೆ ಸೂಕ್ಷ್ಮದರ್ಶಕದ ಹೊರಗೆ ನಡೆಯಿತು.

ಕ್ಷಯ ಬಡವರ ರೋಗವೆನ್ನುತ್ತೇವೆ. ಅರಮನೆಯೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ತಂಗಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಈ ರೋಗಕ್ಕೆ ಬಲಿಯಾದರು. 1921ರಲ್ಲಿ ಮೈಸೂರಿನಲ್ಲಿ ಆರಂಭವಾದ ಕ್ಷಯರೋಗ ಆಸ್ಪತ್ರೆಗೆ ಅವರದೇ ಹೆಸರು. ಆಗ ಚಿಕಿತ್ಸೆಯೆಂದರೆ ಒಳ್ಳೆಯ ಗಾಳಿ, ವಿಶ್ರಾಂತಿ, ಹಾಲು, ಮೊಟ್ಟೆ. ಕೊಲ್ಲುವ ಔಷಧಿ ಇರಲಿಲ್ಲ.

1944ರ ಹೊತ್ತಿಗೆ ಸ್ಟ್ರೆಪ್ಟೋಮೈಸಿನ್, 1952ರಲ್ಲಿ ಐಸೋನಿಯಾಜಿಡ್ ಬಂದವು. ಕೋಟ್ಯಂತರ ಜನರ ದೇಶದಲ್ಲಿ ಎಲ್ಲರಿಗೂ ಸ್ಯಾನಟೋರಿಯಂ ಕಟ್ಟಲು ಸಾಧ್ಯವಿರಲಿಲ್ಲ. ಮದ್ರಾಸಿನಲ್ಲಿ 1956ರಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಕೇಂದ್ರ ಒಂದು ಪರೀಕ್ಷೆ ನಡೆಸಿತು. ನಗರದ ಬಡ ರೋಗಿಗಳಲ್ಲಿ ಅರ್ಧ ಮಂದಿಯನ್ನು ಸ್ಯಾನಟೋರಿಯಂಗೆ ಸೇರಿಸಿತು, ಉಳಿದವರಿಗೆ ಮನೆಯಲ್ಲೇ ಮಾತ್ರೆ ಕೊಟ್ಟಿತು. 1959ರಲ್ಲಿ ಫಲಿತಾಂಶ ಬಂತು. ಇಕ್ಕಟ್ಟಿನ ಗುಡಿಸಲಿನಲ್ಲಿ ಅರೆಹೊಟ್ಟೆ ಉಂಡವರೂ ಹೆಚ್ಚುಕಡಿಮೆ ಅಷ್ಟೇ ಗುಣವಾಗಿದ್ದರು. ಜಗತ್ತಿನ ಕ್ಷಯ ಚಿಕಿತ್ಸೆಯ ದಿಕ್ಕನ್ನೇ ಈ ಫಲಿತಾಂಶ ಬದಲಿಸಿತು. ರೋಗಿಯನ್ನು ಮನೆಯಿಂದ ದೂರ ಒಯ್ಯುವ ಕ್ರಮ ನಿಂತಿತು. ಅದು ದೊಡ್ಡ ಉಪಕಾರ. ಆದರೆ ಅದರ ಜೊತೆಗೆ ಇನ್ನೊಂದು ನಂಬಿಕೆಯೂ ಸದ್ದಿಲ್ಲದೆ ಬೆಳೆಯಿತು. ಮಾತ್ರೆ ಇದ್ದರೆ ಸಾಕು, ಅನ್ನದ ಮಾತು ಬೇಡ ಎಂಬ ನಂಬಿಕೆ.

ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ದೇಶದ ಮೊದಲ ಕ್ಷಯ ನಿಯಂತ್ರಣ ಕಾರ್ಯಕ್ರಮದ ನಕ್ಷೆ ತಯಾರಾದದ್ದು ಇಲ್ಲಿಯೇ, 1962ರಲ್ಲಿ. ಈ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ಬರೆದ ವರದಿ ಇವತ್ತಿಗೂ ಓದತಕ್ಕದ್ದು. ಹಳ್ಳಿಯವರಿಗೆ ತಿಳುವಳಿಕೆಯಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಿನ ವಿದ್ಯಾವಂತರ ಮಾತು. ವರದಿ ತೋರಿಸಿದ್ದು ಬೇರೆ. ಬಹುತೇಕ ರೋಗಿಗಳಿಗೆ ತಮ್ಮ ಕಾಯಿಲೆಯ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಬಾಗಿಲು ಬಡಿದಿದ್ದರು. ಅವರನ್ನು ಗುರುತಿಸದೆ ಕೆಮ್ಮಿನ ಔಷಧಿ ಕೊಟ್ಟು ಕಳುಹಿಸಲಾಗುತ್ತಿತ್ತು.

1961ರಿಂದ 1968ರ ನಡುವೆ ಈ ಸಂಸ್ಥೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಿಗೆ ನಾಲ್ಕು ಬಾರಿ ಹೋಗಿ ಮನೆಮನೆಯಲ್ಲಿ ಚರ್ಮದ ಪರೀಕ್ಷೆ, ಎಕ್ಸ್‌ರೇ, ಕಫ ಪರೀಕ್ಷೆ ನಡೆಸಿತು. ಆಗ ಅಲ್ಲಿ ಸರಿಯಾದ ಚಿಕಿತ್ಸೆ ಬಹಳ ಕಡಿಮೆ. ಮೊದಲ ಸುತ್ತಿನಲ್ಲಿ ಕಫದಲ್ಲಿ ಕ್ರಿಮಿ ಸಿಕ್ಕವರನ್ನು ಐದು ವರ್ಷದ ನಂತರ ಹುಡುಕಿದಾಗ ನೂರರಲ್ಲಿ 49 ಮಂದಿ ಸತ್ತಿದ್ದರು. 18 ಮಂದಿ ಇನ್ನೂ ಕ್ರಿಮಿ ಉಗುಳುತ್ತಿದ್ದರು. 33 ಮಂದಿಯ ಕಫದಲ್ಲಿ ಕ್ರಿಮಿ ಇರಲಿಲ್ಲ. ಚಿಕಿತ್ಸೆ ದೊರೆಯದಿದ್ದರೆ ಕ್ಷಯ ಏನು ಮಾಡುತ್ತದೆ ಎಂಬುದಕ್ಕೆ ಜಗತ್ತು ಇವತ್ತಿಗೂ ಉಲ್ಲೇಖಿಸುವ ಅಂಕಿಗಳಲ್ಲಿ ಇವೂ ಸೇರಿವೆ. ಇವು ನಮ್ಮ ಪಕ್ಕದ ಹಳ್ಳಿಗಳ ಸಾವುಗಳ ಲೆಕ್ಕ ಎಂಬುದನ್ನು ನಾವು ಮರೆಯಬಾರದು.

ಆ ಮೂವತ್ತಮೂರು ಮಂದಿಯ ಬಗ್ಗೆಯೂ ಯೋಚಿಸಬೇಕು. ಔಷಧಿಯಿಲ್ಲದೆ ಅವರ ಕಫ ಹೇಗೆ ಶುದ್ಧವಾಯಿತು? ಅವರ ಶರೀರ ಕ್ರಿಮಿಯನ್ನು ಮತ್ತೆ ಗಂಟಿನೊಳಗೆ ತಳ್ಳಿ ಮಲಗಿಸಿತ್ತು ಎಂದೇ ಊಹಿಸಬೇಕು. ಕ್ರಿಮಿಗೂ ಶರೀರಕ್ಕೂ ನಡೆಯುವ ಈ ಹಗ್ಗಜಗ್ಗಾಟದಲ್ಲಿ ಶರೀರಕ್ಕೆ ಬಲ ಕೊಡುವುದು ಯಾವುದು?

ಮರಳಿ ಬಂದ ಅನ್ನ

ಪ್ರಪಂಚದ ಜನರಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿಗೆ ಈ ಕ್ರಿಮಿ ಎಂದೋ ತಗುಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಜೀವಮಾನದಲ್ಲಿ ರೋಗಿಗಳಾಗುವವರು ನೂರಕ್ಕೆ ಐದರಿಂದ ಹತ್ತು ಮಂದಿ. ಉಳಿದವರಲ್ಲಿ ಕಾವಲು ಗಟ್ಟಿಯಿರುತ್ತದೆ. ಕಾವಲು ಸಡಿಲವಾಗುವುದಕ್ಕೆ ಎಚ್‌ಐವಿ, ಸಕ್ಕರೆ ಕಾಯಿಲೆ, ಕಲ್ಲುಪುಡಿಯ ಧೂಳು, ತಂಬಾಕು, ಕುಡಿತ ಹೀಗೆ ಕಾರಣಗಳಿವೆ. ಭಾರತದಲ್ಲಿ ಇವುಗಳ ಪೈಕಿ ಬಹಳ ದೊಡ್ಡದು ಹಸಿವು. ಪೌಷ್ಟಿಕಾಂಶ ಇಲ್ಲದ ಶರೀರದಲ್ಲಿ ಕ್ರಿಮಿಯನ್ನು ಸುತ್ತುವರಿದು ನಿಂತ ಕಣಗಳೇ ಬಡವಾಗುತ್ತವೆ. ಗಂಟು ಬಿಚ್ಚುತ್ತದೆ.

ಈ ಮಾತು ವೈದ್ಯರಿಗೆ ಹಿಂದಿನಿಂದಲೂ ಗೊತ್ತಿತ್ತು. ಅದನ್ನು ತಕ್ಕಡಿಯಲ್ಲಿಟ್ಟು ತೂಗಿದವರು ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ. 2019ರಿಂದ 2022ರವರೆಗೆ ಅವರು ಹಾಗೂ ಸಂಗಡಿಗರು ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳ ಮನೆಯ 10,345 ಜನರನ್ನು ಗಮನಿಸಿದರು. ಆ ರೋಗಿಗಳಲ್ಲಿ ಹತ್ತಕ್ಕೆ ಎಂಟು ಮಂದಿ ಇರಬೇಕಾದ ತೂಕಕ್ಕಿಂತ ಕಡಿಮೆ ಇದ್ದರು. ಎಲ್ಲ ರೋಗಿಗಳಿಗೂ ಆರು ತಿಂಗಳು ಆಹಾರದ ಚೀಲ ಸಿಕ್ಕಿತು. ಒಂದು ಗುಂಪಿನ ಮನೆಗಳಲ್ಲಿ ಮಾತ್ರ ಉಳಿದ ಸದಸ್ಯರಿಗೂ ಕೊಟ್ಟರು. ದೊಡ್ಡವರಿಗೆ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ಜೊತೆಗೆ ವಿಟಮಿನ್ ಮಾತ್ರೆ. 2023ರ ಆಗಸ್ಟಿನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಫಲಿತಾಂಶ ಪ್ರಕಟಿಸಿತು. ಚೀಲ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ನೂರಕ್ಕೆ 39ರಷ್ಟು ಇಳಿದಿತ್ತು. ಕಫದಿಂದ ಹರಡುವ, ಪರೀಕ್ಷೆಯಲ್ಲಿ ಖಚಿತವಾದ ಬಗೆಯದು 48ರಷ್ಟು ಇಳಿದಿತ್ತು. ರೋಗಿಗಳಲ್ಲಿಯೂ ಮೊದಲ ಎರಡು ತಿಂಗಳಲ್ಲಿ ತೂಕ ನೂರಕ್ಕೆ ಐದರಷ್ಟು ಏರಿದವರಲ್ಲಿ ಸಾವಿನ ಅಪಾಯ ಸುಮಾರು 60ರಷ್ಟು ಕಡಿಮೆಯಿತ್ತು.

ಮದ್ರಾಸಿನ ಪಾಠ ಸುಳ್ಳಾಯಿತೇ? ಇಲ್ಲ. ಕ್ರಿಮಿಯನ್ನು ಕೊಲ್ಲಲು ಮಾತ್ರೆಯೇ ಬೇಕು, ಅದಕ್ಕೆ ಅನ್ನ ಬದಲಿಯಲ್ಲ. ಆದರೆ ಮಲಗಿದ ಕ್ರಿಮಿ ಏಳದಂತೆ ನೋಡಿಕೊಳ್ಳುವ ಕಾವಲಿಗೆ ಅನ್ನ ಬೇಕು. ಒಂದು ಪ್ರಶ್ನೆಗೆ ಬಂದ ಉತ್ತರವನ್ನು ಇನ್ನೊಂದು ಪ್ರಶ್ನೆಗೂ ಅನ್ವಯಿಸಿಕೊಂಡು ನಾವು ಆರು ದಶಕ ಕಳೆದೆವು.

ಗಡಿಯ ಈಚೆ

ಸರ್ಕಾರ 2018ರಲ್ಲಿ ರೋಗಿಗಳಿಗೆ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡತೊಡಗಿತು. 2024ರ ನವೆಂಬರಿನಿಂದ ಅದು 1,000 ಆಗಿದೆ. 2025ಕ್ಕೆ ಕ್ಷಯಮುಕ್ತ ಭಾರತ ಎಂಬ ಗುರಿ ಕೈಗೂಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2015ರಲ್ಲಿ ಲಕ್ಷ ಜನರಿಗೆ 237 ಇದ್ದ ಹೊಸ ರೋಗಿಗಳ ಪ್ರಮಾಣ 2024ಕ್ಕೆ 187ಕ್ಕೆ ಇಳಿದಿದೆ. ಇಳಿದಿರುವುದು ಸಮಾಧಾನ. ಆದರೂ ಪ್ರಪಂಚದ ನಾಲ್ವರು ಕ್ಷಯ ರೋಗಿಗಳಲ್ಲಿ ಒಬ್ಬರು ಇಂದಿಗೂ ಭಾರತೀಯರೇ.

ಅತ್ತಿಬೆಲೆಯಂಥ ಊರಿನಲ್ಲಿ ಈ ಅಂಕಿಗಳಿಗೆ ಮುಖವಿದೆ. ಇಲ್ಲಿನ ಕೆಲಸಗಾರ ಈ ತಿಂಗಳು ಕರ್ನಾಟಕದಲ್ಲಿ, ಮುಂದಿನ ತಿಂಗಳು ಗಡಿಯಾಚೆ ತಮಿಳುನಾಡಿನಲ್ಲಿ, ಹಬ್ಬಕ್ಕೆ ಜಾರ್ಖಂಡಿನಲ್ಲಿ. ಅವನ ಮಾತ್ರೆಯ ಲೆಕ್ಕವೂ ಅವನ ಹಿಂದೆ ಓಡಬೇಕು. ರೋಗ ತಿಳಿದರೆ ಕೆಲಸ ಹೋಗುತ್ತದೆ, ಕೋಣೆ ಹೋಗುತ್ತದೆ ಎಂಬ ಅಂಜಿಕೆಯಿಂದ ಆತ ಅದನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟಷ್ಟು ದಿನ ಅದೇ ಕೋಣೆಯ ಉಳಿದವರ ಎದೆಗೂ ಕ್ರಿಮಿ ಇಳಿಯುತ್ತದೆ. ಸರಿಯಾದ ಔಷಧಿ ಆರಂಭಿಸಿದ ಕೆಲವೇ ವಾರಗಳಲ್ಲಿ ಬಹುತೇಕ ರೋಗಿಗಳು ಇನ್ನೊಬ್ಬರಿಗೆ ಹರಡಿಸುವುದು ನಿಲ್ಲುತ್ತದೆ. ಈ ಸಂಗತಿ ಕೋಣೆಯ ಯಜಮಾನನಿಗೂ ಗುತ್ತಿಗೆದಾರನಿಗೂ ತಿಳಿದಿದ್ದರೆ ಅಂಜಿಕೆ ಅರ್ಧ ಕಡಿಮೆಯಾದೀತು.

ಈತ ರೋಗ ತಂದನೇ, ಇಲ್ಲಿ ಅಂಟಿಸಿಕೊಂಡನೇ ಎಂಬ ಜಗಳಕ್ಕೆ ಮತ್ತೆ ಬರೋಣ. ಕ್ರಿಮಿಯನ್ನು ಯಾರೋ ತಂದಿರಲಿ. ಅದು ಮಲಗಿರುವಷ್ಟು ದಿನ ಅವನು ಆರೋಗ್ಯವಂತನೇ. ಅದನ್ನು ಎಬ್ಬಿಸುವುದರಲ್ಲಿ ಹನ್ನೆರಡು ಗಂಟೆಯ ಪಾಳಿ, ಗಾಳಿಯಾಡದ ಕೋಣೆ, ಊರಿಗೆ ಹಣ ಕಳುಹಿಸಲೆಂದು ಉಳಿಸಿದ ಒಂದು ಹೊತ್ತಿನ ಊಟ ಇವೆಲ್ಲಕ್ಕೂ ಪಾಲಿದೆ. ಆ ಪಾಲು ಈ ಊರಿನದು, ಆತನ ದುಡಿಮೆಯಿಂದ ಬೆಳೆದ ಈ ನಗರದ್ದು.

ಒಂದು ಬ್ಯಾಕ್ಟೀರಿಯಾ ಹಸಿವಾದಾಗ ಕೆಲಸ ನಿಲ್ಲಿಸಿ ಮಲಗಬಲ್ಲದು. ಮನುಷ್ಯನಿಗೆ ಆ ಸೌಕರ್ಯವಿಲ್ಲ. ಹಸಿದಷ್ಟೂ ಆತ ಹೆಚ್ಚು ದುಡಿಯಬೇಕು. ಕಲಬುರಗಿಯ ತೊಗರಿ ನಾಡಿನಿಂದ ಬಂದವನು ಅತ್ತಿಬೆಲೆಯ ಷೆಡ್ಡಿನಲ್ಲಿ ಬೇಳೆ ಕಾಣದ ಸಾರು ಕಲಸಿಕೊಂಡು ಉಣ್ಣುತ್ತಾನೆ. ಪಡಿತರದ ಅಕ್ಕಿ ಈಗ ಯಾವ ಊರಿನ ಕಾರ್ಡಿಗೂ ಯಾವ ಊರಿನಲ್ಲಾದರೂ ಸಿಗಬೇಕೆಂಬ ನಿಯಮ ಬಂದಿದೆ. ಜಾರ್ಖಂಡಿನ ಆ ಚೀಲದಲ್ಲಿ ಅಕ್ಕಿಯ ಜೊತೆಗೆ ಇದ್ದದ್ದು ತಿಂಗಳಿಗೆ ಒಂದೂವರೆ ಕಿಲೋ ತೊಗರಿಬೇಳೆ.